ಎದಿ ತೋರ್ಸೋ ದಿನ

"ರೀ, ನಿಮ್ಮ ಗೆಳೆಯ ಸುಭಾಷ್ ಹೋಗಿಬಿಟ್ರಂತ! ಚಾ ಕುಡೀತಾ ಕುಂತಲ್ಲೇ!" ದಾಕ್ಷಾಯಿಣಿ ಫೋನ್ ಹಿಡ್ಕೊಂಡೇ ಓಡಿ ಬಂದ್ಲು. ಎದಿ ತಿಕ್ಕೋತಿದ್ದ ಶಿವಪುತ್ರಪ್ಪನ ಕೈ ಅಲ್ಲೇ ನಿಂತಿತು. ಸುಭಾಷನಂಗೇ ಅವನಿಗೂ ನಲವತ್ತೊಂದು ವರ್ಷ, ಬನವಾಸಿ ಸಾಲ್ಯಾಗ ಇಬ್ಬರದೂ ಒಂದೇ ಬೆಂಚು.

"ಮಣ್ಣು ಮಾಡೋದು ನಾಳೆ ಮುಂಜಾನೆ ಒಂಬತ್ತಕ್ಕಂತ್ರೀ." ಇಷ್ಟು ಕೇಳಿದ್ದೇ ಅವನ ಜೀವ ಒಳಗೊಳಗೇ ಹಗುರಾತು. ನಾಳೆ ಒಂಬತ್ತಕ್ಕೇ ಶಿರಸಿ ಡಾಕ್ಟರಿಗೆ ಎದಿ ತೋರ್ಸೋದಿತ್ತು. ಹೋದ ತಿಂಗಳೂ ಹಿಂಗೇ ಒಬ್ಬ ಗೆಳೆಯನ ಮಣ್ಣು ಬಂದು ಡಾಕ್ಟರ್ ಕಡೆ ಹೋಗೋದು ತಪ್ಪಿತ್ತು. "ಡಾಕ್ಟರ್ ಎಲ್ಲಿ ಓಡಿಹೋಗ್ತಾನ? ನಂದು ಬರೇ ಗ್ಯಾಸು, ಸೋಡಾ ಕುಡದ್ರ ಹೋಗ್ತದ. ಮಣ್ಣಿಗೆ ಹೋಗದಿದ್ರ ಮಂದಿ ಏನಂದಾರು?"

ಒಳಗಿಂದ ಅವ್ವ ಗುರುಶಾಂತವ್ವ ಬಂದ್ಲು. "ನಿನಗಿಂತ ಮೊದಲಿನ ಎರಡು ಕೂಸು ಜ್ವರದಾಗ ಹೋದ್ವು. ಆಗ ಔಷಧನೇ ಸಿಗ್ತಿರ್ಲಿಲ್ಲ. ಈಗ ಎಲ್ಲಾ ಸಿಗ್ತದ, ಕೂಸುಗಳು ಉಳೀತಾವ. ಅವುಗಳ ಅಪ್ಪಂದಿರು ಗ್ಯಾಸು ಗ್ಯಾಸು ಅನ್ಕೋತ ಸಾಯ್ತಾರ!"

ಅವ್ವ ಸೊಸಿ ಕಡೆ ತಿರುಗಿದ್ಲು. "ಈ ಮನಿಯಿಂದ ಮಣ್ಣಿಗೆ ನಾ ಹೋಗ್ತೀನಿ. ಮಂದಿ ಕೇಳಿದ್ರ, ಇನ್ನೊಂದು ಮಣ್ಣು ತಪ್ಸಾಕ ಹೋಗ್ಯಾನ ಅಂತೀನಿ. ಡಾಕ್ಟರಿಗೆ ಫೋನ್ ಹಚ್ಚವ್ವಾ, ನಾಳೆ ಒಂಬತ್ತಕ್ಕೇ ಬರ್ತಾನ ಅನ್ನು."