ಬಾತುಬೇಟೆಯ ದಿನ ಮುಳುಗಿದವನು

ಅಕ್ಟೋಬರ್ ತಿಂಗಳ ಕೊನೆಯ ದಿನ, ಬುಧವಾರ. ಬಿಸಿಲು ಇನ್ನೂ ಜೊಂಡಿನ ತುದಿ ಮುಟ್ಟಿರಲಿಲ್ಲ. ಎಪಿಗ್ಮೆನಿಯೊ ನೀರಿನಲ್ಲಿ ತೇಲುತ್ತಿದ್ದ ತನ್ನ ಈಟಿಯನ್ನು ಎತ್ತಿ ನೋಡಿದ. ಮೂರು ಕಬ್ಬಿಣದ ಮೊನೆಗಳಲ್ಲಿ ಒಂದಕ್ಕೆ ನೀಲಿ ಉಣ್ಣೆ ಸಿಕ್ಕಿಕೊಂಡಿತ್ತು. ಬಾತುಕೋಳಿಗೆ ಉಣ್ಣೆ ಇರುವುದಿಲ್ಲ.

ಪಾಟ್ಸ್ಕುವಾರೊ ಸರೋವರದ ಆ ಪುಟ್ಟ ದ್ವೀಪದಲ್ಲಿ ನೀಲಿ ಕಂಬಳಿ ಹೊದೆಯುತ್ತಿದ್ದವನು ಒಬ್ಬನೇ: ಅವನ ದೊಡ್ಡಪ್ಪನ ಮಗ ಕ್ಲಿಯೋಫಾಸ್.

ಸತ್ತವರು ಮನೆಗೆ ಬರುವ ಹಬ್ಬದ ಮುನ್ನಾದಿನ ದೋಣಿಗಳೆಲ್ಲ ಸುತ್ತುಗಟ್ಟಿ ಬಾತುಗಳನ್ನು ನಡುವೆ ಕೂಡಿಹಾಕುವುದು ಅಲ್ಲಿಯ ವಾಡಿಕೆ. ಎರಡು ಬೆರಳು ತೂರಿಸುವ ಎಸೆಹಲಗೆಯ ಮೇಲೆ ಈಟಿ ಕೂರಿಸಿ ತೋಳು ಬೀಸಿದರೆ, ಬರಿಗೈ ಎಸೆತಕ್ಕಿಂತ ಎರಡು ಪಟ್ಟು ದೂರ ಹೋಗುತ್ತದೆ. ಮಂಜು ಕವಿದಿದ್ದರೆ ಮೇಲಕ್ಕೆ ಎಸೆಯಬೇಕು, ಅಡ್ಡಕ್ಕೆ ಎಸೆಯಕೂಡದು. ಎದುರಿಗೂ ದೋಣಿಗಳಿರುತ್ತವಲ್ಲ. ಆದರೆ ಸ್ವಲ್ಪ ಹೊತ್ತಿನ ಮುಂಚೆ ಒಂದು ಬಾತು ಹಾರದೆ ನೀರಿನ ಮೇಲೇ ಜಾರಿ ಓಡಿತ್ತು. ಎಪಿಗ್ಮೆನಿಯೊ ಅಡ್ಡಕ್ಕೆ ಎಸೆದಿದ್ದ.

ಎದುರಿನ ದೋಣಿ ಮಗುಚಿದ್ದು ಮಂಜಿನಲ್ಲಿ ಮಸುಕಾಗಿ ಕಂಡಿತ್ತು. ಆಗಲೇ ಕೂಗಬೇಕಿತ್ತು. ಅವನು ಉಣ್ಣೆಯ ಎಳೆ ಬಿಡಿಸಿದ, ಮೊನೆಯನ್ನು ನೀರಿನಲ್ಲಿ ಅದ್ದಿ ತೊಳೆದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಕೂಗಿದ.

ಸಿಕ್ಕಿದ್ದು ಬೋರಲು ಬಿದ್ದ ದೋಣಿ ಮತ್ತು ಹುಲ್ಲಿನ ಟೋಪಿ. ಮೂರು ದಿನ ಜೊಂಡನ್ನೆಲ್ಲ ಜಾಲಾಡಿದರೂ ಹೆಣ ಸಿಗಲಿಲ್ಲ. ದೋಣಿ ಹೇಗೆ ಮಗುಚಿತೋ ಯಾರೂ ಕಾಣರು. ಹಿರಿಯರು ಒಬ್ಬೊಬ್ಬರನ್ನೇ ಕೇಳಿದರು. ತಾನೇನೂ ನೋಡಲಿಲ್ಲ ಎಂದು ಎಪಿಗ್ಮೆನಿಯೊ ಕೂಡ ಹೇಳಿದ.

ಅವನನ್ನು ಹೆಚ್ಚು ತಿಂದದ್ದು ಈಟಿಯಲ್ಲ, ಆಮೇಲಿನ ಆ ಗಳಿಗೆ. ಅಷ್ಟರಲ್ಲಿ ಹುಟ್ಟು ಹಾಕಿದ್ದರೆ ಅಣ್ಣನ ಜುಟ್ಟಾದರೂ ಕೈಗೆ ಸಿಗುತ್ತಿತ್ತೇನೋ. ಆ ಬೆಳಗಿನ ಮಾತೂ ಚುಚ್ಚುತ್ತಿತ್ತು. ಯಾವತ್ತೂ ವಟಗುಟ್ಟುತ್ತಿದ್ದ ಕ್ಲಿಯೋಫಾಸ್ ಅವತ್ತು ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಕಂಬಳಿ ಮುಸುಕಿಕೊಂಡು ಸುಮ್ಮನೆ ಕೂತಿದ್ದ. ಎಸೆಹಲಗೆಯನ್ನು ಕೈಗೇ ಎತ್ತಿಕೊಂಡಿರಲಿಲ್ಲ. “ಯಾಕಣ್ಣಾ, ಅತ್ತಿಗೆ ಒದ್ದು ಕಳಿಸಿದ್ಲಾ?” ಎಂದು ಎಪಿಗ್ಮೆನಿಯೊ ಕೆಣಕಿದ್ದ. ಉತ್ತರ ಬಂದಿರಲಿಲ್ಲ. ಅದೇ ಕೊನೆಯ ಮಾತಾಯಿತು.

ಕ್ಲಿಯೋಫಾಸನ ಹೆಂಡತಿ ನಸಾರಿಯಾ ಅತ್ತದ್ದನ್ನು ಯಾರೂ ನೋಡಲಿಲ್ಲ. ಗಟ್ಟಿ ಹೆಂಗಸು ಎಂದರು. ಆ ದಿನವೇ ದಡದ ಕಲ್ಲಿನ ಮೇಲೆ ಜಾರಿ ಬಿದ್ದಳಂತೆ, ಅವಳ ಬಲತೋಳು ಭುಜದಿಂದ ಮೇಲೇಳದಾಗಿತ್ತು. ಸುದ್ದಿ ಕೇಳಿ ಓಡಿ ಬರುವಾಗ ಬಿದ್ದಿರಬೇಕೆಂದು ಜನ ಮರುಗಿದರು. ಹಿಂದೊಮ್ಮೆ ಅದೇ ದ್ವೀಪದ ಹೊವೀತಾಳನ್ನು ಗಂಡ ಬಿಟ್ಟು ಓಡಿದಾಗ ಅವಳ ಮೇಲೆ ಹಾಡು ಕಟ್ಟಿ ನಕ್ಕಿದ್ದ ಹೆಂಗಸರೇ ಇವಳಿಗೆ ಸೌದೆ ಹೊತ್ತು ತಂದರು, ಜೋಳ ಅರೆದುಕೊಟ್ಟರು. ಎಪಿಗ್ಮೆನಿಯೊ ವರ್ಷವಿಡೀ ತನ್ನ ಬಲೆಯ ಅರ್ಧ ಮೀನನ್ನು ಅವಳ ಹೊಸ್ತಿಲಲ್ಲಿಟ್ಟ. ಅವಳು ಬೇಡ ಎನ್ನಲಿಲ್ಲ. ಅವನ ಮುಖವನ್ನೇ ನೋಡುತ್ತ ತೆಗೆದುಕೊಳ್ಳುತ್ತಿದ್ದಳು. ಆ ನೋಟಕ್ಕೆ ಅವನ ಬೆನ್ನು ಬೆವರುತ್ತಿತ್ತು.

ಮತ್ತೆ ಹಬ್ಬ ಬಂತು. ಸತ್ತ ಮೊದಲ ವರ್ಷದ ಎಡೆ ದೊಡ್ಡದು. ಬಾಗಿಲಿಂದ ಚೆಂಡುಹೂವಿನ ದಾರಿ ಹಾಸಿ, ಬಾತಿನ ಮಾಂಸದ ಕಡುಬು ಬೇಯಿಸಿ ಇಡದಿದ್ದರೆ ಸತ್ತವನು ದಾರಿ ಕಾಣದೆ ಹಸಿದು ಹಿಂದಿರುಗುತ್ತಾನೆ. ಎಲ್ಲ ಮನೆಯಲ್ಲೂ ಹೂವು ಬಿಡಿಸುತ್ತಿದ್ದರೂ ನಸಾರಿಯಾಳ ಮನೆಯ ಗೋಡೆ ಬೋಳಾಗಿತ್ತು. ಕೇಳಿದವರಿಗೆಲ್ಲ ಆದರಾಯಿತು ಎಂದಷ್ಟೇ ಹೇಳುತ್ತಿದ್ದಳು. ಎಪಿಗ್ಮೆನಿಯೊಗೆ ಅದರ ಅರ್ಥ ಒಂದೇ ಆಗಿ ತೋರಿತು: ಕೊಂದವನು ಬಾಯಿ ಬಿಡುವವರೆಗೂ ಅವಳು ಎಡೆ ಇಡುವುದಿಲ್ಲ. ಕೊಂದದ್ದು ಸಾಲದೆಂದು ಅಣ್ಣನನ್ನು ಉಪವಾಸವೂ ಕೆಡವುತ್ತಿದ್ದೇನೆ.

ಅವನು ಬೇಟೆಗೆ ಹೋದ. ಒಂದೇ ಒಂದು ಈಟಿಯನ್ನು ಮೇಲಕ್ಕೆ ಎಸೆದ. ಸಿಕ್ಕ ಬಾತನ್ನು ಹಿಡಿದು ನಡುಮಧ್ಯಾಹ್ನ ಅವಳ ಒಲೆಯ ಮುಂದೆ ನಿಂತ.

ಅವಳು ಎಡಗೈಯಲ್ಲೇ ಹಿಟ್ಟು ತಟ್ಟುತ್ತಿದ್ದಳು. “ಪುಕ್ಕ ಕಿತ್ತು ಗಡಿಗೆಗೆ ಹಾಕು. ಇಬ್ರೂ ಉಣ್ಣಾಣ.”

ಸತ್ತವನ ಎಡೆಗಿಂತ ಮೊದಲು ಆ ಬಾತನ್ನು ಯಾರೂ ಬಾಯಿಗಿಡುವುದಿಲ್ಲ. ಅಣ್ಣನ ಹಬ್ಬದ ಬೂಟನ್ನಾದರೂ ಕೊಡು, ಗೋಡೆಯ ಹತ್ತಿರ ಇಟ್ಟು ನಾನೇ ಹೂವು ಹಾಕುತ್ತೇನೆ ಎಂದು ಬೇಡಿಕೊಂಡ.

“ಬೂಟು ಮನೇಲಿಲ್ಲ,” ಎಂದಳು.

ಆಗ ಅವನು ನೆಲದ ಮೇಲೆ ಕುಸಿದು ಕೂತ. ಅಡ್ಡಕ್ಕೆ ಎಸೆದದ್ದು, ನೀಲಿ ಉಣ್ಣೆ, ತೊಳೆದ ಮೊನೆ, ತಡವಾದ ಕೂಗು, ಎಲ್ಲವನ್ನೂ ಹೇಳಿದ. ನಾಳೆ ಹಿರಿಯರ ಮುಂದೆಯೂ ಹೇಳುತ್ತೇನೆ, ಏನು ಶಿಕ್ಷೆ ಕೊಟ್ಟರೂ ಸರಿ, ಅಣ್ಣನಿಗೆ ಒಂದು ತುತ್ತು ಇಡು ಎಂದ.

ನಸಾರಿಯಾ ತಟ್ಟುವುದನ್ನು ನಿಲ್ಲಿಸಿದಳು.

“ಈಟಿ ನಿಂದು ಅಂತ ನಂಗೆ ಅವತ್ತೇ ಗೊತ್ತು,” ಎಂದಳು. “ಹಿರಿಯರ ಹತ್ರ ಹೋಗ್ಬ್ಯಾಡ. ಹೋದ್ರೆ ಹೊವೀತಾ ಥರ ನನ್ನ ಮೇಲೂ ಹಾಡು ಕಟ್ತಾರೆ, ಸಾಯೋದು ನಾನು.”

ಅವನಿಗೆ ಅರ್ಥವಾಗಲಿಲ್ಲ. ಅವಳು ಬಾಗಿಲು ಮುಂದೆ ಮಾಡಿ ಬಂದು ಶಾಲು ಸರಿಸಿದಳು. ಬಲಭುಜದಲ್ಲಿ ಬೆರಳು ಹೂತುಹೋಗುವಷ್ಟು ಆಳದ ಹಳೇ ಗಾಯವಿತ್ತು. ಕಲ್ಲಿನ ಮೇಲೆ ಬಿದ್ದರೆ ಅಂಥ ಗಾಯ ಆಗುವುದಿಲ್ಲ.

“ದೋಣಿ ಮಗುಚೋಕೆ ಅಂತಲೇ ಅವನ ಟೋಪಿ, ಕಂಬಳಿ ಹಾಕ್ಕೊಂಡು ಆ ದೋಣೀಲಿ ಕೂತಿದ್ದೋಳು ನಾನು ಕಣೋ. ಜೊಂಡಿನೊಳಗೆ ಈಜಿ ದಡ ಸೇರ್ದೆ. ನಿಮ್ಮಣ್ಣ ಆಚೆ ದಡದ ಪೇಟೇಲಿ ರೊಟ್ಟಿ ಅಂಗಡಿ ಇಟ್ಟಿದ್ದೋಳ ಜತೆ ರೈಲು ಹತ್ತಿ ಹೋಗಿದ್ದು ಹಿಂದಿನ ದಿನ, ಮಂಗಳವಾರ.”