ಬಿಡಿಭಾಗಗಳ ಉಸಿರು

“ಮೇಡಂ, ನೀವು ತಡೆಹಿಡಿದಿರೋ ಆ ಪೆಟ್ಟಿಗೆ ಉಸಿರಾಡ್ತಿದೆ,” ಎಂದ ಗೋದಾಮಿನ ಮುದಿ ಕಾವಲುಗಾರ, ಬಾಗಿಲಲ್ಲೇ ನಿಂತು.

ಕಸ್ಟಮ್ಸ್ ಅಧಿಕಾರಿ ಕಡತದಿಂದ ತಲೆ ಎತ್ತಲಿಲ್ಲ. ಎದುರು ಕುರ್ಚಿಯಲ್ಲಿದ್ದ, ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಮಾತ್ರ ಕಿಸಕ್ಕನೆ ನಕ್ಕ. ಆ ಪೆಟ್ಟಿಗೆಗಾಗಿಯೇ ಅವನು ಬೆಳಗಿನಿಂದ ಅವಳ ತಲೆ ತಿನ್ನುತ್ತಿದ್ದ. ಅದರಲ್ಲಿದ್ದದ್ದು ರೋಗಿಗಳಿಗೆ ಉಸಿರು ತುಂಬುವ ವೆಂಟಿಲೇಟರಿನ ಕೊಳವೆ, ಕವಾಟ, ಮಾಸ್ಕು. ಇಲ್ಲದ್ದು ಮೋಟಾರು ಒಂದೇ. ಬಿಡಿಭಾಗಗಳೆಂದರೆ ಸುಂಕ ಕಡಿಮೆ. ಇಡೀ ಯಂತ್ರವೆಂದರೆ ಹೆಚ್ಚು, ಮೇಲೆ ಬೇರೆ ಪರವಾನಗಿಯೂ ಬೇಕು. ತಲೆಯನ್ನು ಒಂದು ಹಡಗಿನಲ್ಲಿ, ಮುಂಡವನ್ನು ಇನ್ನೊಂದರಲ್ಲಿ ತರಿಸಿಕೊಳ್ಳುವ ಈ ಚಾಲಾಕಿತನ ಅವಳಿಗೆ ಹೊಸದೇನಲ್ಲ. ಮೋಟಾರು ಬರುವ ತನಕ ಪೆಟ್ಟಿಗೆ ಅಲುಗಾಡಕೂಡದು ಎಂದು ಮೊಹರು ಹಾಕಿ ಕೂತಿದ್ದಳು. ಏಜೆಂಟರೆಲ್ಲ ಬೆನ್ನ ಹಿಂದೆ ಅವಳನ್ನು ‘ಉಡ’ ಎನ್ನುತ್ತಿದ್ದರು. ಹಿಡಿದಳೆಂದರೆ ಮುಗಿಯಿತು, ಬಿಡಿಸಲು ದೇವರೇ ಇಳಿದು ಬರಬೇಕು.

“ಮೋಟಾರಿಲ್ಲದ್ದು ಉಸಿರಾಡಲ್ಲ, ಉಸಿರಾಡದ್ದು ಯಂತ್ರ ಅಲ್ಲ. ಇಷ್ಟೇ ವಿಷಯ ಮೇಡಂ,” ಎಂದ ಏಜೆಂಟ್.

“ಉಸಿರಾಡ್ತಿದೆ ಅಂತ ಅವರೇ ಹೇಳ್ತಿದ್ದಾರಲ್ಲ!” ಎಂದು ಅವಳು ಎದ್ದಳು. “ಯಂತ್ರದ ಮುಖ್ಯ ಗುಣ ಇದ್ರೆ, ಬಿಡಿಬಿಡಿಯಾಗಿ ಬಂದ್ರೂ ಅದು ಇಡೀ ಯಂತ್ರಾನೇ. ನಿಯಮ ನಾನು ಮಾಡಿದ್ದಲ್ಲ. ನಡೀರಿ, ನೋಡೇಬಿಡೋಣ.”

ಎದ್ದದ್ದಕ್ಕೆ ನಿಜವಾದ ಕಾರಣ ಬೇರೆ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಅಣ್ಣ ಯಂತ್ರದ ಉಸಿರಿನ ಮೇಲೆ ಮಲಗಿ ವಾರವಾಗಿತ್ತು. ಇವತ್ತು ಮಧ್ಯಾಹ್ನ ಯಂತ್ರ ತೆಗೆದು ನೋಡುತ್ತೇವೆ, ತಾನಾಗಿ ಉಸಿರೆಳೆದುಕೊಂಡರೆ ಉಳಿದ ಹಾಗೆ ಎಂದಿದ್ದರು ಡಾಕ್ಟರು. ಅತ್ತಿಗೆ ಅಲ್ಲಿದ್ದಳು. ಇವಳು ರಜೆ ಹಾಕಿರಲಿಲ್ಲ. ಕೈಯಲ್ಲಿ ಕೆಲಸವಿದ್ದರೆ ಧೈರ್ಯ ಇರುತ್ತದೆ ಎಂದುಕೊಂಡಿದ್ದಳು. ಆ ಲೆಕ್ಕಾಚಾರ ತಲೆಕೆಳಗಾಗಿತ್ತು.

ತಗಡಿನ ಮಾಡು ಕಾದು ಕೆಂಡವಾಗಿದ್ದರೂ ತಡೆಹಿಡಿದ ಸರಕಿನ ಸಾಲಿನ ಹತ್ತಿರ ತಣ್ಣಗಿತ್ತು. ಕಾವಲುಗಾರ ಆ ಪೆಟ್ಟಿಗೆಯತ್ತ ಗದ್ದ ಎತ್ತಿ ತೋರಿಸಿ ದೂರವೇ ನಿಂತ. ಏಜೆಂಟ್ ಠೀವಿಯಿಂದ ಬಗ್ಗಿ ಕಿವಿಯಿಟ್ಟು, “ಏನೂ ಇಲ್ಲ ಬಿಡ್ರೀ...” ಎನ್ನಹೊರಟವನು ಗಕ್ಕನೆ ಹಿಂದೆ ಸರಿದ.

ಅವಳು ಮಂಡಿಯೂರಿ ರಟ್ಟಿಗೆ ಕಿವಿ ಹಚ್ಚಿದಳು. ಒಳಗೆ ಎರಡು ಗಿಡ್ಡ ಎಳೆತ, ಆಮೇಲೆ ಉದ್ದಕ್ಕೆ ಉಸಿರು ಬಿಟ್ಟ ಸದ್ದು, ಅದರ ಕೊನೆಗೆ ಸಣ್ಣ ಸಿಳ್ಳು. ಮತ್ತೆ ಎರಡು ಎಳೆತ, ಮತ್ತೆ ಸಿಳ್ಳು. ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದಾಗ ಇದೇ ಸಿಳ್ಳು ಕೇಳಿ “ರೈಲು ಬಂತು, ರೈಲು ಬಂತು” ಎಂದು ಅಣ್ಣನನ್ನು ಚಿವುಟಿ ಗೋಳುಹೊಯ್ದುಕೊಳ್ಳುತ್ತಿದ್ದಳು. ದಮ್ಮಿನ ರೋಗಿಗಳು ಲೋಕದಲ್ಲಿ ಎಷ್ಟೋ ಮಂದಿ. ಹೀಗೆ ಉಸಿರಾಡುವವನು ಅವನೊಬ್ಬನೇ.

“ಮೇಡಂ,” ಏಜೆಂಟ್ ಪಿಸುಗುಟ್ಟಿದ, “ಇದು ಯಂತ್ರಾನೇ. ನೀವು ಹೇಳಿದ್ದೇ ಸರಿ. ಪೂರ್ತಿ ಸುಂಕ ಕಟ್ತೀವಿ. ಪರವಾನಗಿ ಬರೋವರೆಗೂ ಇಲ್ಲೇ ಇರ್ಲಿ, ಈಗ ನಂಗಿದು ಬೇಡ.”

“ಬಿಡಿಭಾಗ,” ಎಂದಳು ಅವಳು.

“ಏನಂದ್ರಿ?”

“ಬಿಡಿಭಾಗ ಅಂದೆ. ಉಸಿರಿಲ್ಲ ಇದಕ್ಕೆ. ನಾನೇ ಪರೀಕ್ಷೆ ಮಾಡಿದೀನಿ.”

ಕೆಲಸಕ್ಕೆ ಸೇರಿದ ಮೇಲೆ ಅವಳು ಆಡಿದ ಮೊದಲ ಸುಳ್ಳು ಅದು. ಯಂತ್ರವೆಂದರೆ ಪೆಟ್ಟಿಗೆ ಮೊಹರಿನೊಳಗೇ ಉಳಿಯುತ್ತಿತ್ತು, ಬಿಡಿಭಾಗವೆಂದರೆ ಈಗಲೇ ಬಿಡಬಹುದಿತ್ತು. ತಾನು ಹಾಕಿದ ಮೊಹರನ್ನು ತಾನೇ ಕಿತ್ತು, ಮುಚ್ಚಳ ತೆರೆದಳು. ಮೇಲೆ ಸುತ್ತಿಟ್ಟಿದ್ದ ಕೊಳವೆ ಒಮ್ಮೆ ಉಬ್ಬಿ ಇಳಿಯಿತು. ಬೆಚ್ಚಗಿನದೇನೋ ಅವಳ ಕೆನ್ನೆ ಸವರಿಕೊಂಡು ಹೊರಗೆ ಹೋಯಿತು. ಆಮೇಲೆ ಅದು ಬರೀ ಪ್ಲಾಸ್ಟಿಕ್. ಏಜೆಂಟ್ ಅದನ್ನೂ ಕಾಯದೆ, ತನ್ನ ಸರಕನ್ನು ಅಲ್ಲೇ ಬಿಟ್ಟು, ಬಿದ್ದೆನೋ ಎದ್ದೆನೋ ಎಂದು ಓಡಿದ್ದ.

ಫೋನ್ ಬಡಿದುಕೊಂಡಿತು. ಅತ್ತಿಗೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯದು.

“ಉಸಿರಾಡ್ತಿದ್ದಾರೆ ಕಣೇ! ಯಂತ್ರ ತೆಗೆದ್ರೆ ಎದೆ ಅಲ್ಲಾಡ್ಲೇ ಇಲ್ಲ, ಡಾಕ್ಟ್ರು ಕೈಚೆಲ್ಲಿದ್ರು. ಈಗ ನೋಡು, ಇದ್ದಕ್ಕಿದ್ದ ಹಾಗೆ... ಎಲ್ಲಿಂದಲೋ ಓಡಿ ಬಂದವರ ಥರ ಏದುಸಿರು!”

ಅವಳು ಧೂಳೆನ್ನದೆ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ಸಂತೋಷ ಅವಳಿಗೆ ಬುದ್ಧಿ ಬಂದ ಮೇಲೆ ಆಗಿರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಕಾವಲುಗಾರನಿಗೆ ಕೈಮುಗಿದಳು.

“ನೀವು ಬಂದು ಹೇಳದೇ ಇದ್ದಿದ್ರೆ ನಮ್ಮಣ್ಣ ಉಳೀತಿರ್ಲಿಲ್ಲ.”

ಮುದುಕ ನಗಲಿಲ್ಲ. ಅವನ ಕಣ್ಣು ಸಾಲಿನ ಕೊನೆಯಲ್ಲಿತ್ತು.

“ಇದೊಂದೇ ಅಲ್ಲ ಮೇಡಂ. ಅಗೋ, ಆ ಮೂಲೇಲಿರೋದು, ಹೋದ ತಿಂಗಳು ನೀವು ತಡೆದಿದ್ದು. ಅದೂ ಉಸಿರಾಡ್ತಿತ್ತು. ನೀವು ನಗ್ತೀರಿ ಅಂತ ನಾನು ಹೇಳ್ಲಿಲ್ಲ.”

“ಈಗ?”

“ಮೊನ್ನೆ ನಿಂತುಹೋಯ್ತು.”