ಮೂರು ಸೆಕೆಂಡು

“ಇಲ್ಲ ಅಂದ್ರೆ ಇಲ್ಲ!” ಎಂದು ಅಕ್ಕ ಮೇಜು ಗುದ್ದಿದ ಏಟಿಗೆ, ಕೆಳಗಿನ ಅಂಗಡಿಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದ ತಮ್ಮನ ಕೈಯಿಂದ ಸಾಸಿವೆಯಷ್ಟು ಸ್ಕ್ರೂ ಜಾರಿಬಿತ್ತು. ಅವನು ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಮಹಡಿ ಹತ್ತಿದ.

“ಯಾರ ಮೇಲಕ್ಕಾ ಈ ಪ್ರತಾಪ?”

“ಆಂಬುಲೆನ್ಸಿಗೆ ಹೃದಯದ ಯಂತ್ರ ಮಾಡೋ ಒಬ್ಬ ಇಂಜಿನಿಯರಮ್ಮ. ನನ್ನ ಡ್ರೈವರಿಂದ ಆ ಮೂರು ಸೆಕೆಂಡು ಕಿತ್ತುಹಾಕಬೇಕಂತೆ. ಇವಳು ಎಂಟನೆಯವಳು!”

ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲಿ, ಒಂದು ಬಸ್ಸಿನ ಡ್ರೈವರ್ ಅಕ್ಕನ ಸುಪರ್ದಿಯಲ್ಲಿತ್ತು. ಈ ಬಸ್ಸಿಗೆ ಗಾಲಿಯಿಲ್ಲ. ಚಿಪ್ಪುಗಳು ಪರಸ್ಪರ ಮಾತಾಡುವ ಎರಡೆಳೆ ತಂತಿ ಅದು. ಅದನ್ನು ನಡೆಸುವ ಕೋಡೇ ಡ್ರೈವರ್. ಹದಿನಾಲ್ಕು ವರ್ಷದ ಹಿಂದೆ ಅವಳೇ ಬರೆದದ್ದು. ಯಾರೇ ತಿದ್ದುಪಡಿ ಕಳಿಸಲಿ, ಅವಳು ಒಪ್ಪಿದರೆ ಒಳಕ್ಕೆ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಅದರಲ್ಲಿ, ಯಂತ್ರ ಶುರುವಾಗುವಾಗ ಮೂರು ಸೆಕೆಂಡು ಸುಮ್ಮನೆ ಕಾಯಿಸುವ ಒಂದು ಸಾಲಿತ್ತು. ಪಕ್ಕದಲ್ಲಿ ಅವಳದೇ ಟಿಪ್ಪಣಿ: ‘ತೆಗೆಯಬೇಡಿ. ತೆಗೆದರೆ ಬಸ್ ನಿಂತುಹೋಗುತ್ತದೆ.’ ತೆಗೆದರೂ ನಮ್ಮಲ್ಲಿ ನಿಲ್ಲುತ್ತಿಲ್ಲವಲ್ಲ ಎಂದ ಏಳು ಜನಕ್ಕೂ ಅವಳು ಸರಿಯಾಗಿ ಮಂಗಳಾರತಿ ಎತ್ತಿದ್ದಳು. ಅಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು.

ಇಂಜಿನಿಯರಮ್ಮನ ಪತ್ರ ಮಾತ್ರ ಬೇರೆಯಾಗಿತ್ತು. ಯಂತ್ರ ಗುಂಡಿ ಒತ್ತಿದ ಐದು ಸೆಕೆಂಡಿನೊಳಗೆ ಸಿದ್ಧವಾಗಬೇಕು, ಈಗ ಏಳು ಹಿಡಿಯುತ್ತಿದೆ. ತಿದ್ದುಪಡಿ ಮೂಲ ಕೋಡಿನಲ್ಲೇ ಇಲ್ಲದಿದ್ದರೆ ಪರೀಕ್ಷೆಯವರು ಒಪ್ಪುವುದಿಲ್ಲ. ತಿದ್ದುಪಡಿ ಸೇರಿಸಿಕೊಳ್ಳುವ ಈ ಸಲದ ಬಾಗಿಲು ಮುಚ್ಚುವುದು ಇವತ್ತೇ ನಾಲ್ಕು ಗಂಟೆಗೆ; ಮತ್ತೆ ತೆರೆಯುವುದು ಎರಡು ತಿಂಗಳ ಮೇಲೆ. ‘ಎದೆ ನಿಂತವರಿಗೆ ಮೂರು ಸೆಕೆಂಡು ಸಣ್ಣದಲ್ಲ’ ಎಂದು ಪತ್ರ ಮುಗಿದಿತ್ತು. ಆಗಲೇ ಎರಡೂ ಮುಕ್ಕಾಲಾಗಿತ್ತು.

“ಒಂದ್ಸಲ ತೆಗೆದು ನೋಡಬಾರದಾ ಅಕ್ಕ?”

“ತೋರಿಸ್ತೀನಿ ಬಾ! ನಿಲ್ಲದೇ ಇದ್ರೆ ನನ್ನ ಕೇಳು.” ಅವಳು ಬೀರು ಜಾಲಾಡಿ, ಹದಿನಾಲ್ಕು ವರ್ಷದ ಹಿಂದೆ ಬಸ್ ನಿಂತುಹೋಗಿದ್ದ ಅದೇ ಹಳೆಯ ಸರ್ಕ್ಯೂಟ್ ಬೋರ್ಡನ್ನು ಹುಡುಕಿ ತಂದಳು. ಆ ಸಾಲನ್ನು ಅಳಿಸಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಅಕ್ಷರಗಳು ಸರಸರನೆ ಓಡಿದವು, ಬಸ್ಸಿನ ಹತ್ತಿರ ಬಂದು ಗಕ್ಕನೆ ನಿಂತವು.

“ನೋಡಿದ್ಯಾ!” ಅಕ್ಕ ಚಪ್ಪಾಳೆ ತಟ್ಟಿದಳು.

ತಮ್ಮ ಪರದೆ ನೋಡುತ್ತಿರಲಿಲ್ಲ. ಭೂತಗನ್ನಡಿ ಇಳಿಸಿಕೊಂಡು ಬೋರ್ಡಿನ ಮೇಲೆ ಬಗ್ಗಿದ್ದ.

“ಈ ಬೆಸುಗೆ ಯಾರು ಹಾಕಿದ್ದು?”

“ನಾನೇ. ಯಾಕೆ?”

“ಇದು ಬೆಸುಗೆನಾ? ಎಂಜಲು ಹಚ್ಚಿ ಅಂಟಿಸಿದ ಹಾಗಿದೆ. ತಂತಿ ತಾಗ್ತಾನೇ ಇಲ್ಲ. ಪಕ್ಕದ ಚಿಪ್ಪು ಬಿಸಿಯಾದ್ರೆ ಒಂಚೂರು ಹಿಗ್ಗಿ ತಾಗತ್ತೆ, ಅಷ್ಟೆ.”

“ಬಿಸಿಯಾಗೋಕೆ ಎಷ್ಟು ಹೊತ್ತು?” ಅಕ್ಕನ ದನಿ ಇಳಿಯಿತು.

“ಎರಡೋ ಮೂರೋ ಸೆಕೆಂಡು.”

ಅವಳು ತಮ್ಮನ ಮುಖ ನೋಡಿದಳು. ಅವನಿಗೆ ನಗು ತಡೆಯಲಾಗಲಿಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!” ಎನ್ನುತ್ತಲೇ ಕೆಳಗೋಡಿ ಬೆಸುಗೆಯ ಕಡ್ಡಿ ತಂದ. ಉಸಿರು ಬಿಗಿಹಿಡಿದು ಒಂದು ಹನಿ ಸೀಸ ಬಿಟ್ಟ. ಸ್ವಿಚ್ ಒತ್ತಿದರು. ಅಕ್ಷರಗಳು ಬಸ್ಸನ್ನು ದಾಟಿ ಓಡಿದವು! ಆರಿಸಿ ಮತ್ತೆ ಒತ್ತಿದರು. ಇಪ್ಪತ್ತು ಸಲ ಒತ್ತಿದರು, ಇಪ್ಪತ್ತು ಸಲವೂ ಓಡಿದವು. ಅಕ್ಕನಿಗೆ ನಾಚಿಕೆಯೂ ಆಯಿತು, ಅದರ ಹತ್ತರಷ್ಟು ಖುಷಿಯೂ ಆಯಿತು. ಕಾರ್ಖಾನೆಯಲ್ಲಿ ನೆಟ್ಟಗೆ ಬೆಸೆದಿದ್ದ ಲಕ್ಷಾಂತರ ಯಂತ್ರಗಳು ಅವಳ ಒಂದು ಹನಿ ಸೀಸದ ಸಲುವಾಗಿ ಇಷ್ಟು ವರ್ಷ, ದಿನಾ ಮೂರು ಸೆಕೆಂಡು ಕೈಕಟ್ಟಿ ನಿಂತಿದ್ದವು.

ಮೂರೂವರೆ. ತಿದ್ದುಪಡಿಯ ಜೊತೆಗೆ ಕಾರಣ ಬರೆಯಬೇಕು. ತಪ್ಪು ಯಾರ ಯಾವ ಕೋಡಿನಿಂದ ಬಂತು ಎಂದು ಒಂದು ಸಾಲು, ಅದನ್ನು ಮೊದಲು ತೋರಿಸಿಕೊಟ್ಟವರು ಯಾರು ಎಂದು ಇನ್ನೊಂದು ಸಾಲು. ಅದು ಅಲ್ಲಿಯ ಪದ್ಧತಿ; ಬರೆದದ್ದನ್ನು ಎಲ್ಲರೂ ಓದುತ್ತಾರೆ. ಅಕ್ಕನ ಬೆರಳು ಒಂದು ಗಳಿಗೆ ತಡೆಯಿತು.

“‘ಇನ್ನು ಇದರ ಅಗತ್ಯವಿಲ್ಲ’ ಅಂತ ಬರೆದು ಕೈ ತೊಳ್ಕೋ, ಯಾರಿಗೆ ಗೊತ್ತಾಗತ್ತೆ?” ಎಂದ ತಮ್ಮ.

“ಏಳು ಜನಕ್ಕೆ ಗೊತ್ತಾಗತ್ತೆ.” ಅವಳು ಮುಖ ಬಿಸಿಯಾಗುತ್ತಿದ್ದರೂ ಟಕಟಕನೆ ಬರೆದಳು. ತಪ್ಪು ನನ್ನದು, ಕೋಡು ನನ್ನದು, ಕೆಟ್ಟ ಬೆಸುಗೆಯೂ ನನ್ನದು. ಕೆಳಗೆ ತೋರಿಸಿಕೊಟ್ಟವರು ಎಂದು ಆ ಏಳೂ ಹೆಸರು, ಎಂಟನೆಯದು ಇಂಜಿನಿಯರಮ್ಮನದು. ನಾಲ್ಕಕ್ಕೆ ಎಂಟು ನಿಮಿಷವಿರುವಾಗ, ಇಡೀ ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿಬಿಟ್ಟಳು. ನಾಲ್ಕಕ್ಕೆ ಎರಡು ನಿಮಿಷವಿರುವಾಗ ‘ಸೇರಿಸಿಕೊಂಡೆವು’ ಎಂದು ಉತ್ತರ ಬಂತು.

ಮರುಗಳಿಗೆಯೇ ಫೋನು. “ಮೇಡಂ, ನಾಲ್ಕೇ ಸೆಕೆಂಡು! ನಾಲ್ಕೇ!” ಇಂಜಿನಿಯರಮ್ಮ ಕೂಗುತ್ತಿದ್ದಳು, ಅವಳ ಹಿಂದೆ ಇಡೀ ಆಫೀಸು ಕೂಗುತ್ತಿತ್ತು. ಅಕ್ಕ ತಮ್ಮನ ಕೈ ಹಿಡಿದುಕೊಂಡು ಆ ಇಕ್ಕಟ್ಟಿನ ಕೋಣೆಯಲ್ಲೇ ಒಂದು ಸುತ್ತು ಕುಣಿದಳು.

ಅಷ್ಟರಲ್ಲಿ ಮೇಲ್ ಬಂದ ಸದ್ದಾಯಿತು. ಯಾರೋ ಅದೇ ಡ್ರೈವರಿಗೆ ಬೇರೊಂದು ತಿದ್ದುಪಡಿ ಕಳಿಸಿದ್ದರು. ನೋಡಿದರೆ, ಸರಿಯಾಗಿಯೇ ಇತ್ತು. ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ಐದು ಗಂಟೆಯ ಹೊತ್ತಿಗೆ ಹತ್ತೊಂಬತ್ತಾದವು. ಇದೇನು ಇವತ್ತೇ ಎಲ್ಲರಿಗೂ ಬುದ್ಧಿ ಬಂತೇ ಎಂದುಕೊಂಡು ಅಕ್ಕ ಆ ತಿದ್ದುಪಡಿಗಳ ತಾರೀಖುಗಳ ಮೇಲೆ ಕಣ್ಣಾಡಿಸಿದಳು. ಒಂದು ಹೋದ ವರ್ಷದ್ದು, ಒಂದು ಮೂರು ವರ್ಷದ ಹಿಂದಿನದು. ಎಲ್ಲಕ್ಕಿಂತ ಹಳೆಯದರ ಕೆಳಗೆ ಯಾರೋ ಬರೆದಿದ್ದರು:

‘ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದೆ. ನಿಮಗೆ ಹೆದರಿ ಕಳಿಸಿರಲಿಲ್ಲ.’